ತರವಾಡು ವಾಟ್ಸಾಪ್ ಗುಂಪಿನಲ್ಲಿ ಕಂಪ್ಯೂಟರ್ ವೈರಸ್ ಜಗಳ

ದೊಡ್ಡಪ್ಪ, ಪೆರ್ಲ: (ಫಾರ್ವರ್ಡ್) ಎಚ್ಚರಿಕೆ!! ವೈರಸ್ ತಯಾರಿಸುವವರೇ ಆ್ಯಂಟಿವೈರಸ್ ಮಾರುವವರು! ಮೊದಲು ರೋಗ ಬಿಡುತ್ತಾರೆ, ಮತ್ತೆ ಮದ್ದು ಮಾರುತ್ತಾರೆ. 10 ಜನರಿಗೆ ಕಳಿಸಿ 🙏

ದೊಡ್ಡಪ್ಪ, ಪೆರ್ಲ: ನಾನು ಆಗಲೇ ಹೇಳಿದ್ದೆ. ವರ್ಷ ವರ್ಷ ದುಡ್ಡು ಕಟ್ಟಿಸಿದಿರಿ.

ಸಣ್ಣತ್ತೆ: ಕಾಲ ಕೆಟ್ಟಿತು 🙏🙏

ಮಾಷ್ಟ್ರು ಮಾವ: ಇದಕ್ಕೆ ಆಧಾರ ಎಂತದ್ದು ಭಾವ? ಯಾವ ಕಂಪೆನಿ, ಯಾವ ವರ್ಷ, ಬರೆದವ ಯಾರು, ಒಂದೂ ಇಲ್ಲ.

ದೊಡ್ಡಪ್ಪ, ಪೆರ್ಲ: ನಿಮಗೆ ಎಲ್ಲದಕ್ಕೂ ಆಧಾರ. ಪಾಲಾಗುವಾಗ ತೋಟದ ಗಡಿಗೂ ಆಧಾರ ಕೇಳಿದವರಲ್ವಾ.

ಮಾಷ್ಟ್ರು ಮಾವ: ಕೇಳಿದ್ದಕ್ಕೇ ಇವತ್ತು ಬೇಲಿ ಸರಿ ಉಂಟು.

ಕುಂಬಳೆ ಅಣ್ಣ: ವೈರಸ್ ಅಂದರೆ ನನಗೆ ಕುಂಬಳೆ ಪೇಟೆಯ ಇಂಟರ್ನೆಟ್ ಕೆಫೆಯೇ ನೆನಪು. ಪೆನ್‌ಡ್ರೈವ್ ಹಾಕಿ ತೆಗೆದರೆ ಫೋಲ್ಡರ್ ಎಲ್ಲ ಶಾರ್ಟ್‌ಕಟ್! ಮಳೆಗೆ ಕರೆಂಟ್ ಹೋದರೆ ಎದುರಿನ ಹೋಟೆಲಿನಲ್ಲಿ ಗೋಳಿಬಜೆ. ಎಂತ ದಿನಗಳು ಮಾರಾಯ್ರೆ.

ಸಣ್ಣತ್ತೆ: ಮಗಳ ಮದುವೆ ಫೋಟೋ ಹೋದದ್ದು ಆ ಪೆನ್‌ಡ್ರೈವಿನಲ್ಲೇ. ಯಾರ ಕೈಯಲ್ಲಿ ಕೊಟ್ಟಿದ್ದೆ ಅಂತ ನನಗೆ ನೆನಪುಂಟು.

ಕುಂಬಳೆ ಅಣ್ಣ: ಅತ್ತೇ, ಇನ್ನೆಷ್ಟು ಸಲ ತಪ್ಪಾಯಿತು ಹೇಳುವುದು.

ಅನು, ಬೆಂಗಳೂರು: ದೊಡ್ಡಪ್ಪ, ಆ ಫಾರ್ವರ್ಡಿನಲ್ಲಿ ಪುರಾವೆಯೇ ಇಲ್ಲ. ಇಂಟರ್ನೆಟ್ಟಿನಲ್ಲಿ ಮೊದಲು ದೊಡ್ಡದಾಗಿ ಹಬ್ಬಿದ ವರ್ಮ್, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ಪ್ರೋಗ್ರಾಂ, 1988ರದ್ದು. ಬಿಟ್ಟದ್ದು ಕಂಪೆನಿ ಅಲ್ಲ, ರಾಬರ್ಟ್ ಮೋರಿಸ್ ಎಂಬ ಅಮೆರಿಕದ ವಿದ್ಯಾರ್ಥಿ. ಅದು ನುಗ್ಗಿದ ದಾರಿಗಳಲ್ಲಿ ಒಂದು, ಪ್ರೋಗ್ರಾಂ ಬರೆಯುವ ಸಿ ಭಾಷೆಯ ‘ಗೆಟ್ಸ್’ ಎಂಬ ಆದೇಶ. ಬಂದದ್ದನ್ನೆಲ್ಲ ಪಾತ್ರೆಗೆ ಹೊಯ್ಯುವುದು ಅದರ ಕೆಲಸ, ಪಾತ್ರೆ ಎಷ್ಟು ಹಿಡಿಯುತ್ತದೆ ಅಂತ ನೋಡುವುದೇ ಇಲ್ಲ. ಚೆಲ್ಲಿದ್ದು ಪಕ್ಕದ ಜಾಗಕ್ಕೆ ಹೋಗಿ, ಕೊನೆಗೆ ಹೊರಗಿನವ ಹೇಳಿದ ಹಾಗೆ ಯಂತ್ರ ಕೇಳುತ್ತದೆ. ಆ ಗೆಟ್ಸನ್ನು ಸಿ ಸ್ಟ್ಯಾಂಡರ್ಡಿನಿಂದ, ಅಂದರೆ ಆ ಭಾಷೆಯ ಅಧಿಕೃತ ನಿಯಮದಿಂದ, ತೆಗೆದದ್ದು 2011ರಲ್ಲಿ. 23 ವರ್ಷ! ನನಗೆ ಸಂಕಟ ಆಗುವುದು ಅಲ್ಲಿ.

ದೊಡ್ಡಪ್ಪ, ಪೆರ್ಲ: ಇಷ್ಟುದ್ದ ಯಾರು ಓದುವುದು? ಹಿರಿಯರು ಹೇಳಿದರೆ ಎದುರುತ್ತರ ಒಂದು ಕಲಿತಿದ್ದೀರಿ.

ಮಾಷ್ಟ್ರು ಮಾವ: ಅವಳು ವರ್ಷ ಹೇಳಿ ಮಾತಾಡಿದಳು. ‘ಅವರೇ ತಯಾರಿಸುವುದು’ ಅಂತ ಹೇಳಿದ್ದು ನೀವು.

ದೊಡ್ಡಪ್ಪ, ಪೆರ್ಲ: ನಾನು ಹೇಳಿದ್ದಲ್ಲ. ಬಂದದ್ದನ್ನು ಕಳಿಸಿದ್ದು.

ಅನು, ಬೆಂಗಳೂರು: ಎದುರುತ್ತರ ಅಲ್ಲ ದೊಡ್ಡಪ್ಪ. ಅಡಿಕೆಯ ಕೊಳೆರೋಗ ಮಹಾಳಿಗೆ ನೀವು ಬೋರ್ಡೋ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲಲ್ವಾ? ಅಡಿಕೆ ಉದುರಿದ ಮೇಲೆ ಬಿಟ್ಟರೆ ಬಿದ್ದದ್ದು ಗೊನೆಗೆ ಏರುತ್ತದಾ? ಪ್ರೋಗ್ರಾಂ ಬರೆಯುವಾಗಲೇ ಅಳತೆ ನೋಡಬೇಕು. ಆ್ಯಂಟಿವೈರಸ್ ಮುಖ್ಯವಾಗಿ ಗುರುತು ಸಿಕ್ಕಿದ ಕಳ್ಳರ ಪಟ್ಟಿ ಹಿಡಿದು ಕಾಯುವುದು. ಈಗಿನವು ನಡತೆಯನ್ನೂ ನೋಡುತ್ತವೆ, ಆದರೂ ಹೊಸಬ ತಪ್ಪಿಸಿಕೊಳ್ಳುತ್ತಾನೆ.

ಕುಂಬಳೆ ಅಣ್ಣ: ಆ ವರ್ಷ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರಲ್ಲ, ಅದೂ ವೈರಸ್ಸಾ?

ಅನು, ಬೆಂಗಳೂರು: ಅಲ್ಲ ಅಣ್ಣ. 2024 ಜುಲೈ 19. ಕಾವಲಿಗೆ ಇದ್ದ ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿಯದ್ದೇ ಅಪ್‌ಡೇಟ್. ಅವರ ಪ್ರೋಗ್ರಾಂ 21 ಅಂಕಣ ಮಾಹಿತಿ ಓದಲು ಹೊರಟಿತು, ಅದಕ್ಕೆ ಕೊಟ್ಟದ್ದು 20. ಇಲ್ಲದ ಇಪ್ಪತ್ತೊಂದನೆಯದಕ್ಕೆ ಕೈ ಹಾಕಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಅಲ್ಲಿಯೂ ಅಳತೆ ನೋಡಲಿಲ್ಲ. ಕಾಯುವವರ ಪ್ರೋಗ್ರಾಮೂ ಪ್ರೋಗ್ರಾಮೇ. ಸೇತುವೆ ಕಟ್ಟುವವರಿಗೆ ನಿಯಮ ಉಂಟು, ನಮಗೂ ಅಷ್ಟೇ ಬಿಗಿಯಾಗಿ ಬೇಕು. ನಾನೂ ಬರೆಯುವವಳೇ, ಅದಕ್ಕೇ ಹೇಳುವುದು.

ದೊಡ್ಡಪ್ಪ, ಪೆರ್ಲ: ಹಾಗಾದರೆ ಈ ವರ್ಷ ದುಡ್ಡು ಕಟ್ಟಬೇಕಾ ಬೇಡವಾ, ಅಷ್ಟು ಹೇಳು.

ಅನು, ಬೆಂಗಳೂರು: ಹೊಸ ವಿಂಡೋಸ್ ಅಲ್ವಾ, ಅದರೊಳಗಿನದ್ದೇ ಸಾಕು, ಕಟ್ಟಬೇಡಿ. ಅಪ್‌ಡೇಟ್ ಬಂದರೆ ಮಾತ್ರ ‘ನಾಳೆ’ ಅಂತ ಒತ್ತಬೇಡಿ. ಅತ್ತೇ, ಆ ಪೆನ್‌ಡ್ರೈವ್ ಈಗಲೂ ಉಂಟಾ? ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ಫೈಲ್ ಅಳಿಸುವುದಿಲ್ಲ, ಅಡಗಿಸಿಡುವುದು. ಫಾರ್ಮ್ಯಾಟ್ ಮಾಡದಿದ್ದರೆ ಫೋಟೋ ಒಳಗೇ ಇರಬಹುದು.

ಸಣ್ಣತ್ತೆ: ಬಿಸಾಡಲಿಲ್ಲ. ಕಪಾಟಿನಲ್ಲಿ ಬಳೆ ಡಬ್ಬಿ ಉಂಟು, ಅದರಲ್ಲಿ ನೋಡುತ್ತೇನೆ ತಡಿ.

ಕುಂಬಳೆ ಅಣ್ಣ: ಅತ್ತೇ, ಸಿಕ್ಕಿದರೆ ಕೂಡಲೇ ಹೇಳಿ. ಈಗಲೇ ಗಾಡಿ ತೆಗೆದುಕೊಂಡು ಬರುತ್ತೇನೆ.