68 ಬಜ್ಜಿಗಳಲ್ಲಿ ಯಾವ 24ನ್ನು ಉಳಿಸಿಕೊಳ್ಳಲಿ?

ಶಿರಸಿಯಿಂದ ಬಂದ ಕೋರಿಕೆ

ನಾಲ್ಕು ವರ್ಷಗಳ ಹಿಂದೆ ಪ್ರದರ್ಶನ ತಳಿಯ ಮೂರು ಜೋಡಿ ಬಜರಿಗರ್‌ಗಳನ್ನು ತಂದು ಸಾಕಲು ಆರಂಭಿಸಿದೆ. ಪೇಟೆಯ ಜನ ಇವುಗಳನ್ನು ಲವ್ ಬರ್ಡ್ಸ್ ಎಂದೇ ಕರೆಯುತ್ತಾರೆ. ಸಾಕುವವರ ಬಾಯಲ್ಲಿ ಇವು ಬಜ್ಜಿಗಳು, ಮನೆಗೆ ಬಂದ ನೆಂಟರು ಈ ಹೆಸರು ಕೇಳಿ ನಗುವುದೂ ಉಂಟು. ಈಗ ನನ್ನ ಬಳಿ 68 ಹಕ್ಕಿಗಳಿವೆ. ಜೋಡಿ ಹಾಕಲು ಹತ್ತು ಪಂಜರಗಳು, ಹಾರಾಡಿಕೊಂಡಿರಲು ಒಂದು ಜಾಲರಿ ಮನೆ, ಇಷ್ಟೇ ನನ್ನ ವ್ಯವಸ್ಥೆ. ಈ ಮಳೆಗಾಲದ ಇಕ್ಕಟ್ಟಿನಲ್ಲಿ ಜಗಳ ಹೆಚ್ಚಾಗಿ ಎರಡು ಹೆಣ್ಣುಗಳ ಕಾಲಿಗೆ ಗಾಯವಾಯಿತು. ದೀಪಾವಳಿ ಕಳೆದ ಮೇಲೆ ಜೋಡಿ ಹಾಕಬೇಕೆಂದಿದ್ದೇನೆ. ಅದಕ್ಕೆ ಮೊದಲು ಸಂಖ್ಯೆಯನ್ನು 24ಕ್ಕೆ ಇಳಿಸಬೇಕು. ಆದರೆ ಯಾವುದನ್ನು ಕೈಗೆತ್ತಿಕೊಂಡರೂ ಕೊಡಲು ಮನಸ್ಸು ಬರುವುದಿಲ್ಲ. "ದೊಡ್ಡ ತಲೆಯವನ್ನು ಇಟ್ಟುಕೊಂಡು ಉಳಿದವನ್ನು ಕೊಟ್ಟುಬಿಡಿ" ಎಂದು ಮನೆಯವರು ಹೇಳುತ್ತಾರೆ. ಅನುಭವಿಗಳು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಕಾರವಾರದ ಕೋಡಿಬಾಗದಿಂದ

ನಿಮ್ಮ ಮನೆಯವರು ಹೇಳಿದ್ದನ್ನು ನಾನು ಒಮ್ಮೆ ಮಾಡಿಯೇ ನೋಡಿದ್ದೇನೆ, ಆದ್ದರಿಂದ ಅದರ ಫಲವನ್ನೇ ಮೊದಲು ಹೇಳುತ್ತೇನೆ. ಆ ವರ್ಷ ನನ್ನಲ್ಲಿ ನಲವತ್ತಕ್ಕೂ ಹೆಚ್ಚು ಹಕ್ಕಿಗಳಿದ್ದವು. ತಲೆ ಅಗಲವಾಗಿ, ಹಣೆಯ ಗರಿ ಕಣ್ಣಿನ ಮೇಲೆ ಬೀಳುವಂತಿದ್ದ ಹದಿನಾರನ್ನು ಮಾತ್ರ ಉಳಿಸಿಕೊಂಡು, ಎಂಟು ಜೋಡಿ ಹಾಕಿ, ಬಹಳ ಹೆಮ್ಮೆಯಿಂದ ಕಾದು ಕುಳಿತೆ. ಒಟ್ಟು 41 ಮೊಟ್ಟೆಗಳಲ್ಲಿ 27 ಗೊಡ್ಡಾಗಿದ್ದವು. ಹುಟ್ಟಿದ ಮರಿಗಳಲ್ಲಿ ಎರಡಕ್ಕೆ ರೆಕ್ಕೆಯ ಬುಡದಲ್ಲಿ ಗರಿಗಂಟುಗಳು ಬಂದವು. ಕಾರಣ ತಿಳಿಯಲು ನನಗೆ ಇನ್ನೊಂದು ವರ್ಷ ಬೇಕಾಯಿತು.

ಪ್ರದರ್ಶನದ ಬಜ್ಜಿಗಳಲ್ಲಿ ಗರಿಯು ಮುಖ್ಯವಾಗಿ ಎರಡು ಬಗೆ. ಒಂದು ಉದ್ದವಾದ, ಒರಟಾದ, ಸಡಿಲವಾದ ಗರಿ. ಇದನ್ನು ಬಫ್ ಎನ್ನುತ್ತಾರೆ. ಇನ್ನೊಂದು ಗಿಡ್ಡವಾದ, ಬಿಗಿಯಾದ, ಬಣ್ಣ ಹೊಳೆಯುವ ಗರಿ. ಇದಕ್ಕೆ ಯೆಲ್ಲೊ ಎಂಬ ಹೆಸರು, ಹಕ್ಕಿಯ ಬಣ್ಣ ನೀಲಿಯಾಗಿದ್ದರೂ ಹೆಸರು ಅದೇ. ಹಕ್ಕಿ ದೊಡ್ಡದಾಗಿ ಕಾಣುವುದರಲ್ಲಿ ಬಫ್ ಗರಿಯ ಪಾಲು ಬಹಳ. ಆದರೆ ತಲೆಮಾರಿನಿಂದ ತಲೆಮಾರಿಗೆ ಬಫ್‌ಗೆ ಬಫ್ ಹಾಕುತ್ತಾ ಹೋದರೆ ಗರಿ ಅತಿಯಾಗಿ, ಚರ್ಮದೊಳಗೇ ಸುರುಳಿ ಸುತ್ತಿ ಗಂಟಾಗುತ್ತದೆ. ಮಲದ್ವಾರದ ಸುತ್ತ ಗರಿ ದಟ್ಟವಾಗಿ ಬೆಳೆದು ಕೂಡುವಿಕೆಯೇ ಸರಿಯಾಗಿ ಆಗುವುದಿಲ್ಲ. ಜೋಡಿ ಹಾಕುವ ಮೊದಲು ಅಲ್ಲಿಯ ಗರಿಯನ್ನು ಕತ್ತರಿಸುವ ಪದ್ಧತಿ ಇರುವುದು ಇದಕ್ಕಾಗಿಯೇ. ನಾನು ಅದನ್ನೂ ಮಾಡಿರಲಿಲ್ಲ. ದೊಡ್ಡ ತಲೆಯವನ್ನೇ ಆರಿಸಿದ್ದರಿಂದ ನನ್ನ ಕೋಣೆಯಲ್ಲಿ ಒಂದೇ ಒಂದು ಬಿಗಿಗರಿಯ ಹಕ್ಕಿ ಉಳಿದಿರಲಿಲ್ಲ.

ಅದೇ ವರ್ಷ ಕೊಟ್ಟುಬಿಟ್ಟ ಹಕ್ಕಿಗಳಲ್ಲಿ ಬೂದುಹಸಿರು ಬಣ್ಣದ ಒಂದು ಹೆಣ್ಣಿತ್ತು. ತಲೆ ಚಿಕ್ಕದು, ಕುತ್ತಿಗೆಯ ಚುಕ್ಕೆಗಳೂ ಸಣ್ಣವು, ನೋಡಿದವರು ಎರಡನೆಯ ಸಲ ತಿರುಗಿ ನೋಡುವಂತಹದ್ದಲ್ಲ. ಆದರೆ ಅದು ನನ್ನ ಅತ್ಯುತ್ತಮ ಗಂಡಿನ ಒಡಹುಟ್ಟು, ಒಂದೇ ಗೂಡಿನಲ್ಲಿ ಬೆಳೆದದ್ದು. ಅದನ್ನು ಕಾಳಿ ನದಿಯ ಆಚೆ ದಡದ ಸದಾಶಿವಗಡದ ಒಬ್ಬ ಹುಡುಗನಿಗೆ ಸುಮ್ಮನೆ ಕೊಟ್ಟಿದ್ದೆ. ಮರುವರ್ಷ ಅವನು ತೂತು ಕೊರೆದ ಚಪ್ಪಲಿ ಡಬ್ಬಿಯಲ್ಲಿ ಒಂದು ಮರಿಯನ್ನು ತಂದು, "ಇದಕ್ಕೆ ಕಣ್ಣು ಕಾಣುವುದಿಲ್ಲವೇನೋ ನೋಡಿ ಅಂಕಲ್" ಎಂದ. ಮರಿಯ ಕಣ್ಣು ಸರಿಯಾಗಿಯೇ ಇತ್ತು. ಹುಬ್ಬಿನ ಗರಿ ಎರಡೂ ಕಡೆ ಎಷ್ಟು ಚೆನ್ನಾಗಿ ಬಾಗಿತ್ತೆಂದರೆ ಕಣ್ಣು ಅದರ ನೆರಳಿನಲ್ಲಿ ಮುಚ್ಚಿಹೋಗಿತ್ತು. ಅಂತಹ ಮರಿ ನನ್ನ ಎಂಟು ಜೋಡಿಗಳಲ್ಲಿ ಒಂದಕ್ಕೂ ಹುಟ್ಟಿರಲಿಲ್ಲ.

ಅಂದಿನಿಂದ ನಾನು ಹಕ್ಕಿಗಿಂತ ಮೊದಲು ಅದರ ವಂಶದ ಲೆಕ್ಕ ಬರೆದಿಟ್ಟ ಪುಸ್ತಕವನ್ನು ನೋಡುತ್ತೇನೆ. ನಿಮ್ಮ ಹಕ್ಕಿಗಳಿಗೆ ಕಾಲುಂಗುರ ಇದೆಯೆಂದು ಭಾವಿಸುತ್ತೇನೆ. ಮುಚ್ಚಿದ ಉಂಗುರವನ್ನು ಮರಿ 5ರಿಂದ 10 ದಿನದ್ದಿರುವಾಗ ಮಾತ್ರ ಹಾಕಲು ಸಾಧ್ಯವಾದ್ದರಿಂದ, ಈಗ ಇಲ್ಲದಿದ್ದವುಗಳಿಗೆ ಬಣ್ಣದ ತೆರೆದ ಉಂಗುರವನ್ನಾದರೂ ಹಾಕಿ ಗುರುತು ಮಾಡಿಕೊಳ್ಳಿ. ಪ್ರತಿ ಹಕ್ಕಿಯ ಮುಂದೆ ತಂದೆ ತಾಯಿ ಯಾರು, ಒಡಹುಟ್ಟುಗಳು ಹೇಗಿವೆ, ಇಟ್ಟ ಮೊಟ್ಟೆಗಳಲ್ಲಿ ಗೊಡ್ಡು ಎಷ್ಟು, ಚಿಪ್ಪಿನೊಳಗೇ ಸತ್ತ ಮರಿಗಳೆಷ್ಟು, ಗುಟುಕು ಕೊಟ್ಟು ಕೊನೆಯವರೆಗೆ ಸಾಕಿದವು ಎಷ್ಟು ಎಂಬುದನ್ನು ಬರೆಯಿರಿ. 68 ಹಕ್ಕಿಗಳು ಆಗ 68 ಹಕ್ಕಿಗಳಾಗಿ ಉಳಿಯದೆ ನಾಲ್ಕೈದು ಕುಟುಂಬಗಳಾಗಿ ಕಾಣತೊಡಗುತ್ತವೆ, ಮತ್ತು ನೀವು ಉಳಿಸಿಕೊಳ್ಳಬೇಕಾದದ್ದು ಅವುಗಳಲ್ಲಿ ಒಳ್ಳೆಯ ಮೂರು ಕುಟುಂಬಗಳನ್ನು. ಒಂದೇ ಕುಟುಂಬ ಉಳಿದರೆ ಮುಂದೆ ರಕ್ತ ಹತ್ತಿರವಾಗಿ ತೊಂದರೆ. ಆರು ಕುಟುಂಬಗಳಿಂದ ಚೂರುಚೂರು ಉಳಿಸಿದರೆ ಯಾವ ಗುಣವೂ ನೆಲೆ ನಿಲ್ಲುವುದಿಲ್ಲ.

ಇದಾದ ಮೇಲೆ ಒಂದೊಂದಾಗಿ ಕೈಯಲ್ಲಿ ಹಿಡಿಯಿರಿ. ಬೆರಳಿನಿಂದ ಎದೆಮೂಳೆಯ ಎರಡೂ ಬದಿ ಮುಟ್ಟಿ ನೋಡಿದಾಗ ಮೂಳೆ ಚೂರಿಯ ಅಂಚಿನಂತೆ ಸಿಕ್ಕಿದರೆ, ಹಕ್ಕಿ ಎಷ್ಟೇ ದೊಡ್ಡದಾಗಿ ಕಾಣಲಿ, ಅದು ಗರಿಯೊಳಗೆ ಬಡಕಲಾಗಿದೆ ಎಂದೇ ಅರ್ಥ. ಸದಾ ಕಾಳು ಬಿಡಿಸುತ್ತಿದ್ದರೂ ತೂಕ ಇಳಿಯುವುದು, ಹಿಕ್ಕೆಯಲ್ಲಿ ಜೀರ್ಣವಾಗದ ಕಾಳು ಕಾಣುವುದು ಹೊಟ್ಟೆಯ ಶಿಲೀಂಧ್ರ ರೋಗದ ಲಕ್ಷಣವಿರಬಹುದು. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲ ಪಶುವೈದ್ಯರಿಗೆ ತೋರಿಸದೆ ಅದನ್ನು ಜೋಡಿಗೂ ಹಾಕಬೇಡಿ, ಇನ್ನೊಬ್ಬರಿಗೂ ಕೊಡಬೇಡಿ. ಗರಿಗಂಟು, ಸೊಟ್ಟ ಕೊಕ್ಕು, ಅಗಲಕ್ಕೆ ಚಾಚಿದ ಕಾಲು, ಮೊಟ್ಟೆ ತಿನ್ನುವ ಅಭ್ಯಾಸ, ಮರಿಗಳ ಗರಿ ಕೀಳುವ ಅಭ್ಯಾಸ ಇವುಗಳ ಬಗ್ಗೆ ನಾನು ಈಗ ಚರ್ಚೆಯನ್ನೇ ಮಾಡುವುದಿಲ್ಲ, ಪಟ್ಟಿಯಿಂದ ಹೆಸರು ಹೊಡೆದುಬಿಡುತ್ತೇನೆ. ಕೊಕ್ಕಿನ ಸುತ್ತ ಜೇನುಹಟ್ಟಿಯಂತೆ ಹುಡಿಹುಡಿಯಾಗುವುದು ಮಾತ್ರ ಬೇರೆ ಮಾತು; ಅದು ಒಂದು ಬಗೆಯ ನುಸಿಯ ಕೆಲಸ, ವೈದ್ಯರು ಕೊಟ್ಟ ಪ್ರಮಾಣದಲ್ಲಿ ಐವರ್ಮೆಕ್ಟಿನ್ ಹಾಕಿದರೆ ವಾಸಿಯಾಗುತ್ತದೆ.

ರೂಪವನ್ನು ನೋಡುವುದು ಕೊನೆಗೆ. ಬ್ರಿಟನ್ನಿನಲ್ಲಿ 1925ರಲ್ಲಿ ಆರಂಭವಾದ ಬಜರಿಗರ್ ಸೊಸೈಟಿಯ ಆದರ್ಶದಂತೆ ಹಕ್ಕಿ ನೆತ್ತಿಯಿಂದ ಬಾಲದ ತುದಿಯವರೆಗೆ 216 ಮಿ.ಮೀ.ಗೆ ಕಡಿಮೆಯಿರಬಾರದು, ಮುಖವಾಡದ (ಮುಖದಿಂದ ಗಂಟಲಿನವರೆಗಿನ ಬಣ್ಣದ ಭಾಗ) ಅಂಚಿನಲ್ಲಿ ಆರು ದುಂಡನೆಯ ಚುಕ್ಕೆಗಳಿರಬೇಕು, ರೆಕ್ಕೆಯಲ್ಲಿ ಏಳು ಮುಖ್ಯ ಗರಿಗಳು ಕಾಣಬೇಕು. ಆಸ್ಟ್ರೇಲಿಯಾದ ಬಯಲಿನ ಕಾಡುಹಕ್ಕಿ ಸುಮಾರು 180 ಮಿ.ಮೀ. ಇರುವುದನ್ನು ನೆನೆದರೆ ಈ ತಳಿಗಾಗಿ ಜನ ಎಷ್ಟು ದುಡಿದಿದ್ದಾರೆಂಬುದು ತಿಳಿಯುತ್ತದೆ. ಹಕ್ಕಿಯನ್ನು ಚಿಕ್ಕ ಪಂಜರದಲ್ಲಿ ಒಂದು ದಿನ ಬಿಟ್ಟು, ಅದು ಗಾಬರಿ ಕಳೆದು ಕೋಲಿನ ಮೇಲೆ ನೆಟ್ಟಗೆ ಕುಳಿತ ಮೇಲೆ, ನಿಮ್ಮ ಕಣ್ಣಿನ ಮಟ್ಟದಲ್ಲಿಟ್ಟು ನೋಡಿ. ಗಂಡನ್ನು ಗಂಡಿನ ಪಕ್ಕ, ಹೆಣ್ಣನ್ನು ಹೆಣ್ಣಿನ ಪಕ್ಕ ಇಟ್ಟರೆ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ. ಬಾಲ ಇಳಿಬಿದ್ದು ಅಡ್ಡ ಮಲಗಿದಂತೆ ಕೂರುವ ಹಕ್ಕಿಯ ನಿಲುವು ಮರಿಗಳಿಗೂ ಇಳಿಯುತ್ತದೆ. ಒಂದು ಚುಕ್ಕೆ ಚಿಕ್ಕದಾಗಿದ್ದರೆ ಅದನ್ನು ಜೋಡಿಯಿಂದ ತಿದ್ದಿಕೊಳ್ಳಬಹುದು. ಇಬ್ಬರಲ್ಲೂ ಒಂದೇ ದೋಷ ಇರುವ ಜೋಡಿಯನ್ನು ಮಾತ್ರ ಎಂದೂ ಹಾಕಬೇಡಿ.

24ರ ಲೆಕ್ಕವನ್ನು ನಾನಾದರೆ 13 ಹೆಣ್ಣು, 11 ಗಂಡು ಎಂದು ಹಂಚುತ್ತೇನೆ. ಮೊಟ್ಟೆ ಒಳಗೇ ಸಿಕ್ಕಿಕೊಂಡು ಹೆಣ್ಣು ಸಾಯುವುದುಂಟು, ಕೆಲವು ಹೆಣ್ಣುಗಳು ಗೂಡುಪೆಟ್ಟಿಗೆಯನ್ನೇ ಹೊಗುವುದಿಲ್ಲ, ಮೂರು ವರ್ಷ ದಾಟಿದ ಮೇಲೆ ಹೆಣ್ಣನ್ನು ಹೆಚ್ಚು ನಂಬುವಂತಿಲ್ಲ. ಒಳ್ಳೆಯ ಗಂಡನ್ನಾದರೆ ಒಂದೇ ಹಂಗಾಮಿನಲ್ಲಿ ಎರಡು ಹೆಣ್ಣುಗಳಿಗೆ ಹಾಕಬಹುದು.

ಕುಮಟಾದಿಂದ

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಎಚ್ಚರಿಕೆಯ ಮಾತನ್ನು ಸೇರಿಸುತ್ತೇನೆ. ನಿಮ್ಮ 68ರಲ್ಲಿ ಈ ವರ್ಷದ ಮರಿಗಳು ಎಷ್ಟು? ಗೂಡಿನಿಂದ ಹೊರಬಂದ ಹೊಸತರಲ್ಲಿ ಮರಿ ಬಹಳ ಚೆನ್ನಾಗಿ ಕಾಣುತ್ತದೆ. ಮೂರು ನಾಲ್ಕು ತಿಂಗಳಿಗೆ ಹಣೆಯ ಪಟ್ಟೆಗಳು ಉದುರುವ ಹೊತ್ತಿಗೆ ಅದೇ ಹಕ್ಕಿ ಬಡಕಲಾಗಿ, ತಲೆ ಚಿಕ್ಕದಾಗಿ, ಇದನ್ನು ಯಾಕಾದರೂ ಇಟ್ಟುಕೊಂಡೆನೋ ಎನ್ನುವಂತಾಗುತ್ತದೆ. ನಾನು ಮೂರು ವರ್ಷ ಇದೇ ಹಂತದಲ್ಲಿ ಮರಿಗಳನ್ನು ಕೊಟ್ಟು, ಆಮೇಲೆ ಕೊಂಡವರ ಮನೆಯಲ್ಲಿ ನೋಡಿ ಕೈ ಕೈ ಹಿಸುಕಿಕೊಂಡಿದ್ದೇನೆ. ಉದ್ದಗರಿಯ ಹಕ್ಕಿಗಳು ತಡವಾಗಿ ತುಂಬಿಕೊಳ್ಳುತ್ತವೆ, ಹತ್ತು ತಿಂಗಳವರೆಗೆ ತೀರ್ಪು ಬೇಡ. ಸಂಖ್ಯೆ ಇಳಿಸಲೇಬೇಕಾದರೆ ಹಳೆಯ ಹಕ್ಕಿಗಳಿಂದ ಆರಂಭಿಸಿರಿ. ಮಗಳು ತಾಯಿಗಿಂತ ಉತ್ತಮವಾಗಿದ್ದರೆ ತಾಯಿ ಹೋಗಲಿ.

ಅಂಕೋಲಾದಿಂದ

ಬಣ್ಣದ ವಿಷಯದಲ್ಲಿ ಒಂದು ಮಾತು. ಲುಟಿನೊ (ಕೆಂಗಣ್ಣಿನ ಹಳದಿ ಹಕ್ಕಿ), ಸಿನಮನ್, ಓಪಲೈನ್ ಇವು ಲಿಂಗದೊಡನೆ ಸಾಗುವ ಬಣ್ಣಗಳು. ನಿಮ್ಮಲ್ಲಿ ಲುಟಿನೊ ತಾಯಿಗೆ ಹುಟ್ಟಿದ ಹಸಿರು ಗಂಡು ಇದ್ದರೆ, ಅದು ನೋಡಲು ಸಾಮಾನ್ಯ ಹಸಿರಾದರೂ ಲುಟಿನೊ ಗುಣವನ್ನು ಒಳಗೆ ಹೊತ್ತಿದೆ (ಇದಕ್ಕೆ ಸ್ಪ್ಲಿಟ್ ಎನ್ನುತ್ತಾರೆ). ಅದನ್ನು ಕೊಟ್ಟುಬಿಟ್ಟರೆ ಆ ಬಣ್ಣವನ್ನೂ ಕೊಟ್ಟಂತೆ. ಹೆಣ್ಣಿಗೆ ಈ ಬಣ್ಣಗಳನ್ನು ಒಳಗೆ ಬಚ್ಚಿಟ್ಟುಕೊಳ್ಳಲು ಸಾಧ್ಯವಿಲ್ಲ, ಕಂಡದ್ದೇ ಅದರ ಗುಣ. ಆದ್ದರಿಂದ "ಇದು ಲುಟಿನೊಗೆ ಸ್ಪ್ಲಿಟ್ ಇರುವ ಹೆಣ್ಣು" ಎಂದು ಯಾರಾದರೂ ಹೆಚ್ಚಿನ ಹಣ ಕೇಳಿದರೆ ನಕ್ಕು ಮುಂದೆ ಹೋಗಿ. ಹಾಗೆಯೇ, ಲುಟಿನೊ ಗಂಡಿನ ಕೊಕ್ಕಿನ ಮೇಲಿನ ಮೂಗಿನ ಭಾಗ, ಹಕ್ಕಿ ಬೆಳೆದ ಮೇಲೂ, ಸಾಮಾನ್ಯ ಗಂಡುಗಳಂತೆ ನೀಲಿಯಾಗದೆ ನಸುಗೆಂಪಾಗಿಯೇ ಉಳಿಯುತ್ತದೆ. ಹೆಣ್ಣೆಂದು ತಿಳಿದು ತಪ್ಪು ಲೆಕ್ಕಕ್ಕೆ ಸೇರಿಸಬೇಡಿ. ನಾನು ಒಂದು ಇಡೀ ಚಳಿಗಾಲ ಎರಡು ಗಂಡುಗಳನ್ನು ಒಂದೇ ಪಂಜರದಲ್ಲಿಟ್ಟು ಮೊಟ್ಟೆಗಾಗಿ ಕಾದವನು.

ಹೊನ್ನಾವರದಿಂದ

ಕೊಡುವ ಹಕ್ಕಿಗಳ ಬಗ್ಗೆ ಯಾರೂ ಬರೆಯಲಿಲ್ಲ. ಇವು ಒಣ ನಾಡಿನ ಹಕ್ಕಿಗಳು. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ನಮ್ಮ ಕರಾವಳಿಯಲ್ಲಾಗಲಿ ನಿಮ್ಮ ಘಟ್ಟದ ಮೇಲಾಗಲಿ ಮಳೆಯಲ್ಲಿ ಸಾಗಿಸಿದರೆ ದಾರಿಯಲ್ಲೇ ಮುದುಡಿಹೋಗುತ್ತವೆ. ಚೌತಿ ಕಳೆದು ಬಿಸಿಲು ಬಿದ್ದ ಮೇಲೆ, ಬೆಳಗಿನ ಹೊತ್ತು, ಚಿಕ್ಕ ಡಬ್ಬಿಗಳಲ್ಲಿ ಜೋಡಿ ಜೋಡಿಯಾಗಿ ಕಳಿಸಿರಿ. ಅಲ್ಲಿಯವರೆಗೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇಟ್ಟರೆ ಜಗಳ ಅರ್ಧಕ್ಕೆ ಇಳಿಯುತ್ತದೆ. ಗೂಡುಪೆಟ್ಟಿಗೆಗಳನ್ನೆಲ್ಲ ತೆಗೆದಿಡಿ, ಪೆಟ್ಟಿಗೆ ಕಣ್ಣಿಗೆ ಬಿದ್ದರೆ ಹೆಣ್ಣುಗಳು ಅದಕ್ಕಾಗಿ ರಕ್ತ ಬರುವಂತೆ ಕಚ್ಚಾಡುತ್ತವೆ.

ನಾನು ಒಮ್ಮೆ ಹುಬ್ಬಳ್ಳಿ ಕಡೆಯ ಒಬ್ಬರಿಂದ ಅಗ್ಗಕ್ಕೆ ಸಿಕ್ಕಿತೆಂದು ಆರು ಹಕ್ಕಿಗಳನ್ನು ತಂದು, ಪ್ರತ್ಯೇಕ ಇಡದೆ ನೇರವಾಗಿ ಜಾಲರಿ ಮನೆಗೆ ಬಿಟ್ಟೆ. ಅವು ಫ್ರೆಂಚ್ ಮೋಲ್ಟ್ ಎಂಬ ಗರಿ ಉದುರುವ ರೋಗ ಬಂದ ಮನೆಯ ಹಕ್ಕಿಗಳೆಂದು ಆಮೇಲೆ ತಿಳಿಯಿತು. ಮುಂದಿನ ಹಂಗಾಮಿನಲ್ಲಿ ನನ್ನ ಸ್ವಂತ ಮರಿಗಳೇ ಗೂಡಿನಿಂದ ಹೊರಬರುವಾಗ ರೆಕ್ಕೆ ಬಾಲಗಳ ಗರಿ ಉದುರಿ, ನೆಲದ ಮೇಲೆ ಇಲಿಗಳಂತೆ ಓಡಾಡಿದವು. ಇದು ವೈರಸ್ಸಿನಿಂದ ಬರುವುದು. ಗರಿ ಮತ್ತೆ ಬಂದ ಹಕ್ಕಿಯೂ ರೋಗವನ್ನು ಹೊತ್ತಿರಬಹುದು. ನಿಮ್ಮಲ್ಲಿ ಅಂತಹದ್ದು ಇದ್ದರೆ ದಯವಿಟ್ಟು ಇನ್ನೊಬ್ಬ ಸಾಕಣೆಗಾರನಿಗೆ ಕೊಡಬೇಡಿ. ಬೇರೆ ಹಕ್ಕಿಗಳಿಲ್ಲದ ಮನೆಗೆ, ವಿಷಯ ತಿಳಿಸಿ ಕೊಡಿ. ಬಾಗಿಲು ತೆರೆದು ಹೊರಗೆ ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ, ಪಂಜರದಲ್ಲಿ ಹುಟ್ಟಿದ ಹಕ್ಕಿ ಸಂಜೆಯೊಳಗೆ ಕಾಗೆಯ ಪಾಲಾಗುತ್ತದೆ.

ಉಳಿಸಿಕೊಂಡವುಗಳ ಆಹಾರವನ್ನೂ ಈಗಲೇ ಗಮನಿಸಿರಿ. ಮಳೆಗಾಲದಲ್ಲಿ ತೆರೆದ ಚೀಲದ ನವಣೆ, ಬರಗು ಬೂಷ್ಟು ಹಿಡಿಯುತ್ತವೆ. ಮೂಗಿಗೆ ಮುಗ್ಗಲು ವಾಸನೆ ಬಂದ ಕಾಳನ್ನು ಕೊಡಬೇಡಿ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶಕ್ಕೆ, ಹಿರಿಯರು ಸಮುದ್ರ ನೊರೆ ಎನ್ನುತ್ತಿದ್ದ ಕಟ್ಲ್ ಫಿಶ್ ಮೂಳೆ ನಮ್ಮ ಕಡಲ ತೀರದಲ್ಲೇ ಸಿಗುತ್ತದೆ. ಎರಡು ಮೂರು ದಿನ ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸಿ, ಬಿಸಿಲಿಗೆ ಒಣಗಿಸಿ ಪಂಜರಕ್ಕೆ ಸಿಕ್ಕಿಸಿರಿ. ಬೇಕಾದರೆ ನಾನೇ ಒಂದು ಚೀಲ ಬಸ್ಸಿನಲ್ಲಿ ಕಳಿಸುತ್ತೇನೆ.

ಶಿರಸಿಯಿಂದ, ಎರಡು ವಾರಗಳ ನಂತರ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಹೊನ್ನಾವರದವರು ಕಳಿಸಿದ ಚೀಲವೂ ತಲುಪಿದೆ. ಪುಸ್ತಕ ಬರೆಯಲು ಕುಳಿತಾಗ ನನ್ನ 68ರಲ್ಲಿ 31 ಹಕ್ಕಿಗಳು ಒಂದೇ ಗಂಡಿನ ಮಕ್ಕಳು ಮೊಮ್ಮಕ್ಕಳು ಎಂಬುದು ತಿಳಿದು ಬೆಚ್ಚಿದೆ. ಈ ವರ್ಷದ 22 ಮರಿಗಳನ್ನು ಕುಮಟಾದವರ ಮಾತಿನಂತೆ ಸದ್ಯಕ್ಕೆ ಮುಟ್ಟಿಲ್ಲ. ಹಳೆಯ 46ರಲ್ಲಿ ಗರಿಗಂಟಿನ ಮೂರು, ಮೊಟ್ಟೆ ತಿನ್ನುವ ಎರಡು, ನಾಲ್ಕು ವರ್ಷ ದಾಟಿದ ಆರು, ಇವೂ ಸೇರಿದಂತೆ ಒಟ್ಟು 28 ಹಕ್ಕಿಗಳನ್ನು ಬೇರೆ ಮಾಡಿದ್ದೇನೆ. ಮಳೆ ನಿಂತ ಮೇಲೆ ಸಾಕಲು ಬಯಸುವ ಮನೆಗಳಿಗೆ ಹೋಗುತ್ತವೆ. ಉಳಿದ 18ರಲ್ಲಿ ಬಿಗಿಗರಿಯ ಹಕ್ಕಿಗಳು ನಾಲ್ಕೇ ನಾಲ್ಕು, ಅವುಗಳಲ್ಲಿ ಮೂರನ್ನು ನಾನು ಮೊದಲ ದಿನವೇ ಕೊಡುವ ಪಟ್ಟಿಯಲ್ಲಿ ಬರೆದಿದ್ದೆ.