ಕೊಯ್ದಿಟ್ಟ ಸಿಹಿಗುಂಬಳ ಮೂರೇ ವಾರಕ್ಕೆ ಕೊಳೆಯುತ್ತಿದೆ, ಎಲ್ಲಿ ತಪ್ಪಿದೆ?

ಹಿತ್ತಲಬಳ್ಳಿ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ಜೂನ್ ಮೊದಲ ಮಳೆಗೆ ಹಿತ್ತಲಲ್ಲಿ ನಾಲ್ಕು ಗುಣಿ ಸಿಹಿಗುಂಬಳ ಹಾಕಿದ್ದೆ. ಊರ ತಳಿ, ಅಮ್ಮ ಕೊಟ್ಟ ಬೀಜ. ಬಳ್ಳಿ ಗೊಬ್ಬರಗುಂಡಿ ಮೇಲೆಲ್ಲ ಹಬ್ಬಿ 14 ಕಾಯಿ ಕೊಟ್ಟಿತು. ಅಕ್ಟೋಬರ್ ಮೊದಲ ವಾರ ಕೊಯ್ದೆವು. ಮೊದಲ ವಾರವೇ ಎರಡನ್ನು ಹೆಚ್ಚಿದಾಗ ಒಳಗೆ ಬಿಳಿ ಹುಳ. ಆಮೇಲೆ ಮೂರು ಕಾಯಿ ತೊಟ್ಟಿನ ಬುಡದಿಂದ ಮೆತ್ತಗಾಗಿ ನೀರೊಡೆದವು. ಅಮ್ಮನ ಮನೆಯ ಅಟ್ಟದಲ್ಲಿ ಸಂಕ್ರಾಂತಿ ಕಳೆದರೂ ಕುಂಬಳ ಇರುತ್ತಿತ್ತು. ಉಳಿದ ಒಂಬತ್ತನ್ನಾದರೂ ಉಳಿಸಿಕೊಳ್ಳೋದು ಹೇಗೆ?

ತೋಟದಮನೆ (ಸಾಗರ):
ಅಕ್ಕ, ಮೊದಲು ಇಷ್ಟು ಹೇಳಿ. ಕೊಯ್ಯುವಾಗ ಮಳೆ ಇತ್ತಾ? ತೊಟ್ಟನ್ನು ಕತ್ತಿಯಲ್ಲಿ ಕತ್ತರಿಸಿದ್ದಾ, ತಿರುಚಿ ಕಿತ್ತಿದ್ದಾ? ಕಾಯಿ ತೊಳೆದಿರಾ? ಎಲ್ಲಿ ಇಟ್ಟಿದ್ದೀರಿ? ಹುಳದ ವಿಷಯ ಬೇರೆ, ಅದನ್ನು ಇದರ ಜೊತೆ ಸೇರಿಸೋದು ಬೇಡ.

ಹಿತ್ತಲಬಳ್ಳಿ:
ಹಿಂದಿನ ರಾತ್ರಿ ಜೋರು ಮಳೆ, ಕಾಯಿಗೆಲ್ಲ ಕೆಸರು. ಮಗ ತಿರುಚಿ ಕಿತ್ತ, ನಾಲ್ಕೈದರ ತೊಟ್ಟು ಪೂರ್ತಿ ಕಳಚಿ ಬಂತು. ತೊಳೆದು, ಒರೆಸಿ, ಗೋಣಿಚೀಲಕ್ಕೆ ತುಂಬಿ ಉಗ್ರಾಣದ ಸಿಮೆಂಟ್ ನೆಲದ ಮೇಲೆ ಇಟ್ಟೆ. ಅಲ್ಲೇ ಮೇಲೆ ಹಣ್ಣಿಗೆ ಬಿಟ್ಟ ಬಾಳೆಗೊನೆ ತೂಗುಹಾಕಿದೆ.

ತೋಟದಮನೆ:
ಹಾಗಾದರೆ ಕೊಳೆತ ಶುರುವಾಗಿದ್ದು ಉಗ್ರಾಣದಲ್ಲಲ್ಲ, ಕೊಯ್ದ ದಿನವೇ. ಕುಂಬಳಕ್ಕೆ ತೊಟ್ಟೇ ಮುಚ್ಚಳ. ಅದು ಕಳಚಿದ ಜಾಗ ಹಸಿ ಗಾಯ, ಅದರ ಮೇಲೆ ಕೆಸರು ನೀರು ಬಿದ್ದರೆ ಬೂಷ್ಟು ನೇರ ಒಳಗಿಳಿಯುತ್ತದೆ. ನಿಮ್ಮ ಮೂರೂ ಕಾಯಿ ತೊಟ್ಟಿನ ಬುಡದಿಂದಲೇ ಹೋಗಿದ್ದು ಅದಕ್ಕೇ. ಮುಂದಿನ ಸಲ ಎರಡು ಮೂರು ದಿನ ಹೊಳವಾದ ಮೇಲೆ, ಚೂಪಾದ ಕತ್ತಿಯಿಂದ ಎರಡು ಇಂಚು ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟು ಹಿಡಿದು ಎತ್ತಲೇಬೇಡಿ, ಕಾಯಿಯ ಅಡಿಗೆ ಕೈ ಕೊಡಿ. ಮಣ್ಣು ಒಣಗಿದ ಮೇಲೆ ಬಟ್ಟೆಯಲ್ಲಿ ಉಜ್ಜಿದರೆ ಸಾಕು, ನೀರು ಮುಟ್ಟಿಸಬೇಡಿ.

ಈಗ ಒಂಬತ್ತನ್ನೂ ಚೀಲದಿಂದ ತೆಗೆದು ಒಂದೊಂದಾಗಿ ನೋಡಿ. ತೊಟ್ಟಿಲ್ಲದ್ದು, ಗೀರು ಬಿದ್ದದ್ದು ಅಡುಗೆಗೆ ಮೊದಲು. ಉಳಿದವು ಗಾಳಿಯಾಡುವ ಕಡೆ 10–14 ದಿನ ಬೆಚ್ಚಗಿರಲಿ. 27–29 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಿಪ್ಪೆ ಗಟ್ಟಿಯಾಗಿ ಸಣ್ಣ ಗಾಯಗಳೂ ಮಾಯುತ್ತವೆ. ಆಮೇಲೆ ಒಂದಕ್ಕೊಂದು ತಾಗದಂತೆ ಹಲಗೆಯ ಮೇಲೆ ಹುಲ್ಲಿನ ಸಿಂಬೆ ಮಾಡಿ ಕೂರಿಸಿ. ಬಾಳೆಗೊನೆಯನ್ನು ಬೇರೆ ಕೋಣೆಗೆ ಸಾಗಿಸಿ. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲ ಕುಂಬಳದ ಬಾಳಿಕೆ ಕಡಿಮೆ ಮಾಡುತ್ತದೆ.

ಬಯಲುಸೀಮೆ_ರೈತ (ತುಮಕೂರು):
ಹದಿನಾಲ್ಕು ದಿನ ಯಾಕೆ? ನಾವು ನಾಲ್ಕು ದಿನ ಬಿಸಿಲಿಗೆ ಹಾಕಿ ಒಳಗಿಡ್ತೀವಿ. ಕೆಡೋದಿಲ್ಲ.

ತೋಟದಮನೆ:
ಅಣ್ಣ, ನಿಮ್ಮ ಒಣಹವೆಗೆ ಅದು ಸರಿ. ನಮ್ಮಲ್ಲಿ ಅಕ್ಟೋಬರಿನಲ್ಲೂ ಮಧ್ಯಾಹ್ನ ಬಿಸಿಲು, ಸಂಜೆ ಮಳೆ. ಅಂಗಳಕ್ಕೆ ಹಾಕಿ ಮರೆತರೆ ಮತ್ತೆ ಒದ್ದೆ. ಮಲೆನಾಡಿನಲ್ಲಿ ಮಾಡಿನ ಕೆಳಗೇ ಒಣಗಿಸೋದು ಕ್ಷೇಮ. ಹಳೆಯ ಮನೆಗಳಲ್ಲಿ ಸೌದೆ ಒಲೆಯ ಶಾಖ, ಹೊಗೆ ಅಟ್ಟವನ್ನು ಒಣಗಿಸಿಡುತ್ತಿತ್ತು. ಗ್ಯಾಸ್ ಬಂದ ಮನೆಯ ಅಟ್ಟಕ್ಕೆ ಆ ಗುಣ ಇಲ್ಲ, ಅಲ್ಲಿ ಕಿಟಕಿ ತೆರೆದು ಗಾಳಿ ಆಡಿಸಲೇಬೇಕು.

ಚೀನಿಕಾಯಿ (ಪುತ್ತೂರು):
ಹುಳದ ಬಗ್ಗೆ ನಾನು ಹೇಳ್ತೇನೆ, ನಮ್ಮ ಕಡೆ ಇದೇ ದೊಡ್ಡ ಕಾಟ. ಅದು ಹಣ್ಣುನೊಣದ ಮರಿ. ಹೆಣ್ಣು ನೊಣ ಎಳೆಕಾಯಿಗೆ, ಇಲ್ಲವೇ ಬಿರುಕು ಬಿಟ್ಟ ಜಾಗಕ್ಕೆ ಚುಚ್ಚಿ ಮೊಟ್ಟೆ ಇಡುತ್ತದೆ. ಸಿಪ್ಪೆಯ ಮೇಲೆ ಸಣ್ಣ ಚುಕ್ಕೆ, ಅದರಿಂದ ಅಂಟು ಒಸರಿ ಒಣಗಿದ ಗುರುತು ಇರುತ್ತದೆ. ಅಂಥ ಕಾಯಿಯನ್ನು ಎಷ್ಟು ಚೆನ್ನಾಗಿ ಒಣಗಿಸಿಟ್ಟರೂ ಉಪಯೋಗವಿಲ್ಲ.

ಅಕ್ಕ, ಹುಳದ ಕಾಯಿಗಳನ್ನು ಗೊಬ್ಬರಗುಂಡಿಗೆ ಎಸೆದಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಎರಡಡಿ ಆಳದಲ್ಲಿ ಹೂಳಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿಗಿಡಿ. ಮುಂದಿನ ವರ್ಷ ಹೂ ಬಿಡುವ ಹೊತ್ತಿಗೆ ಕ್ಯೂ ಲ್ಯೂರ್ (ಹಣ್ಣುನೊಣವನ್ನು ವಾಸನೆಯಿಂದ ಸೆಳೆಯುವ ಮದ್ದು) ಬಲೆ ಕಟ್ಟಿ. ಬಲೆಗೆ ಬೀಳೋದು ಗಂಡು ನೊಣ ಮಾತ್ರ, ಹಾಗಾಗಿ ಅದೊಂದನ್ನೇ ನಂಬಬೇಡಿ. ಕಾಯಿ ಕಚ್ಚಿದ್ದು ಖಚಿತವಾದ ಕೂಡಲೇ ಹಳೆ ಪಂಚೆಯ ಬಟ್ಟೆಯಲ್ಲಿ ಸಡಿಲವಾಗಿ ಚೀಲ ಕಟ್ಟಿ. ನಾನು ಪ್ರತಿ ಕಾಯಿಗೂ ಕಟ್ತೇನೆ. ಕೆಲಸ ಹೌದು, ಆದರೆ ಮನೆ ಹಿತ್ತಲಿನ ಹತ್ತಿಪ್ಪತ್ತು ಕಾಯಿಗೆ ಸಾಧ್ಯ.

ಹಿತ್ತಲಬಳ್ಳಿ:
ಗೊಬ್ಬರಗುಂಡಿಗೇ ಹಾಕಿದ್ದೆ! ಈಗಲೇ ತೆಗೆಸ್ತೀನಿ. ಇನ್ನೊಂದು ಸಂಶಯ, ನಾನು ಬೇಗ ಕೊಯ್ದೆನಾ?

ತೋಟದಮನೆ:
ನಾಲ್ಕು ತಿಂಗಳಾಗಿದೆ, ಬೆಳೆದಿರಬೇಕು. ಆದರೂ ದಿನ ಎಣಿಸೋದಕ್ಕಿಂತ ಕಾಯಿ ನೋಡಿ. ಉಗುರು ಒತ್ತಿದರೆ ಇಳಿಯಬಾರದು. ತೊಟ್ಟು ಹಸಿರು ಕಳೆದು ಬೆಂಡಿನ ಹಾಗೆ ಒಣಗಿರಬೇಕು. ಊರ ತಳಿಯಾದರೆ ಹಸಿರು ಹೋಗಿ ಕಂದು ಬಣ್ಣ ತಿರುಗಿರುತ್ತದೆ. ಉಗುರು ಇಳಿಯುವ ಕಾಯಿ ಸಾಂಬಾರಿಗೆ ರುಚಿಯೇ, ಅಟ್ಟಕ್ಕೆ ಆಗೋದಿಲ್ಲ. ಇಡೀ ಕಾಯಿಯನ್ನು ಫ್ರಿಜ್ಜಿನಲ್ಲೂ ಇಡಬೇಡಿ, 10 ಡಿಗ್ರಿಗಿಂತ ಕೆಳಗೆ ತುಂಬಾ ದಿನ ಇದ್ದರೆ ತಂಪಿಗೇ ಕೆಡುತ್ತದೆ.

ಹಿತ್ತಲಬಳ್ಳಿ (ಜನವರಿ):
ತಿಳಿಸಬೇಕು ಅನ್ನಿಸಿತು. ತೊಟ್ಟಿಲ್ಲದ ಎರಡನ್ನು ಆ ವಾರವೇ ಕಡುಬು, ಪಲ್ಯ ಮಾಡಿದೆ. ಉಳಿದ ಏಳು ಸಿಂಬೆ ಮೇಲೆ ಕೂತಿವೆ, ವಾರಕ್ಕೊಮ್ಮೆ ಮುಟ್ಟಿ ನೋಡ್ತೀನಿ. ನಿನ್ನೆ ಒಂದರ ಅಡಿಯಲ್ಲಿ ನಾಲ್ಕಾಣೆ ಅಗಲ ಮೆತ್ತಗಾಗಿತ್ತು, ಕೂಡಲೇ ಹೆಚ್ಚಿದೆ. ಒಳಗೆ ಕೇಸರಿ ಬಣ್ಣ, ಅಕ್ಟೋಬರಿನಲ್ಲಿ ತಿಂದದ್ದಕ್ಕಿಂತ ಸಿಹಿ. ಬೀಜ ತೊಳೆದು ನೆರಳಲ್ಲಿ ಹರವಿದ್ದೀನಿ. ಪುತ್ತೂರಿನವರೇ, ಚೀಲ ಕಟ್ಟಿದರೆ ಹೂವಿಗೆ ಜೇನು ಬರೋದು ಹೇಗೆ?

ಚೀನಿಕಾಯಿ:
ಹೂ ಬಾಡಿದ ಮೇಲೆ ಕಟ್ಟಬೇಕು. ಹೆಣ್ಣು ಹೂವಿನ ಬುಡದಲ್ಲಿ ಮಿಡಿ ಇರುತ್ತದಲ್ಲ, ಹೂ ಅರಳಿದ ಬೆಳಿಗ್ಗೆ ಬಿಟ್ಟುಬಿಡಿ. ಮಳೆ ಹಿಡಿದು ಜೇನು ಬಾರದ ದಿನ ಗಂಡು ಹೂವಿನ ಎಸಳು ಕಿತ್ತು, ಒಳಗಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿಗೆ ನೀವೇ ಸವರಿ, ಎಂಟು ಗಂಟೆಯೊಳಗೆ. ಎರಡು ಮೂರು ದಿನದಲ್ಲಿ ಮಿಡಿ ಹಳದಿಯಾಗದೆ ಉಬ್ಬಲು ಶುರುವಾದರೆ ಆಗ ಚೀಲ.