ಟೋಕಿಯೋದಲ್ಲಿ ಮೊದಲ ದಿನ: ಯಾವ ಅಸಕುಸಾ, ಎಷ್ಟನೇ ಬಾಗಿಲು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಮುಂದಿನ ತಿಂಗಳು ಮೊದಲ ಸಲ ಒಬ್ಬಳೇ ವಿದೇಶಕ್ಕೆ ಹೊರಟಿದ್ದೇನೆ, ಟೋಕಿಯೋಗೆ. ಬೆಂಗಳೂರಿನಿಂದ ನೇರ ವಿಮಾನ, ಮಧ್ಯಾಹ್ನ ನರಿತಾದಲ್ಲಿ ಇಳಿಯುತ್ತೇನೆ. ರೂಮು ಅಸಕುಸಾ ಅನ್ನೋ ಏರಿಯಾದಲ್ಲಿ. ಜಪಾನಿ ಭಾಷೆ ಬರಲ್ಲ, ಮೀನು ಮಾಂಸ ತಿನ್ನಲ್ಲ. ಅವತ್ತೇ ಶಿಬುಯಾ, ಶಿಂಜುಕು ನೋಡಿಬಿಡೋಣ ಅಂದುಕೊಂಡಿದ್ದೆ. ಆದರೆ ರೈಲಿನ ಮ್ಯಾಪ್ ನೋಡಿದರೆ ಎದೆ ಧಸಕ್ ಅನ್ನುತ್ತೆ. ಅಲ್ಲೇ ಗೈಡ್ ಆಗಿರುವ ಸರ್ ಈ ಗುಂಪಿನಲ್ಲಿ ಇದ್ದಾರಲ್ವಾ, ದಯವಿಟ್ಟು ಹೇಳಿ.

ಗೈಡ್ ಉತ್ತರ:
ನಮಸ್ಕಾರ ಮೇಡಂ. ಮೊದಲು ಒಂದು ಮಾತು. ಶಿಬುಯಾ, ಶಿಂಜುಕು ಎರಡನ್ನೂ ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ದಿನ ರೂಮು ಸೇರಿ, ಆಮೇಲೆ ರೂಮಿನಿಂದ ಸ್ಟೇಷನ್ನಿಗೆ ಹೋಗಿ ಬರುವ ದಾರಿ ಕಲಿಯಿರಿ. ಅಷ್ಟು ಸಾಕು.

ರೈಲಿನ ಮ್ಯಾಪಿಗೆ ಹೆದರಬೇಡಿ. ಪ್ರತಿ ಲೈನಿಗೂ ಒಂದು ಅಕ್ಷರ, ಪ್ರತಿ ಸ್ಟೇಷನ್ನಿಗೂ ಒಂದು ನಂಬರ್ ಇರುತ್ತದೆ. ಗಿಂಜಾ ಅನ್ನೋ ಮೆಟ್ರೋ ಲೈನಿನಲ್ಲಿ ಉಎನೋ ಸ್ಟೇಷನ್ ಜಿ-16, ಅಸಕುಸಾ ಜಿ-19. ಹೆಸರು ಓದಲು ಬರದಿದ್ದರೂ ನಂಬರ್ ನೋಡಿಕೊಂಡು ಇಳಿಯಬಹುದು. ಜನ ದಾರಿ ತಪ್ಪುವುದು ರೈಲಿನಲ್ಲಿ ಅಲ್ಲ, ಇಳಿದ ಮೇಲೆ ಬೇರೆ ಬಾಗಿಲಲ್ಲಿ ಹೊರಗೆ ಬಂದಾಗ.

ನಿಮ್ಮ ಅಸಕುಸಾದ್ದೇ ಕಥೆ ಕೇಳಿ. ಆ ಹೆಸರಿನಲ್ಲಿ ನಾಲ್ಕು ಕಂಪನಿಗಳ ನಾಲ್ಕು ಸ್ಟೇಷನ್ ಇವೆ. ಮೂರು ಹತ್ತಿರ ಹತ್ತಿರ. ಸುಕುಬಾ ಎಕ್ಸ್‌ಪ್ರೆಸ್ ಅನ್ನೋ ರೈಲು ಲೈನಿನದು ಮಾತ್ರ ಸುಮಾರು 600 ಮೀಟರ್ ದೂರ. ಒಮ್ಮೆ ದಾವಣಗೆರೆಯಿಂದ ಬಂದಿದ್ದ ಹಿರಿಯರೊಬ್ಬರು ಫೋನ್ ಮಾಡಿ "ಅಸಕುಸಾ ಸ್ಟೇಷನ್ ಮುಂದೇನೇ ನಿಂತಿದ್ದೀನಪ್ಪಾ" ಅಂದರು. ನಾನೂ ಅಸಕುಸಾ ಸ್ಟೇಷನ್ ಮುಂದೆಯೇ ನಿಂತಿದ್ದೆ. ದೊಡ್ಡ ಸೂಟ್‌ಕೇಸ್ ಹಿಡಿದುಕೊಂಡು, ಮಳೆಯಲ್ಲಿ, ಅವರು ಮುಕ್ಕಾಲು ಗಂಟೆ ಕಾದರು. ಯಾವ ಲೈನು, ಎಷ್ಟನೇ ಬಾಗಿಲು ಅಂತ ನಾನು ಮೊದಲೇ ಹೇಳಿರಲಿಲ್ಲ. ಅವತ್ತಿನಿಂದ ಯಾರಿಗೇ ಆಗಲಿ ಬಾಗಿಲಿನ ನಂಬರ್ ಬರೆದೇ ಕೊಡುತ್ತೇನೆ.

ಹಾಗಾಗಿ ಈಗಲೇ ಹೋಟೆಲಿಗೆ ಮೇಲ್ ಮಾಡಿ, ಎರಡೇ ವಿಷಯ ಕೇಳಿ: ಯಾವ ಲೈನಿನ ಅಸಕುಸಾ, ಯಾವ ನಂಬರಿನ ಹೊರಬಾಗಿಲು. ಸೂಟ್‌ಕೇಸ್ ಇರುತ್ತದಲ್ವಾ, ಲಿಫ್ಟ್ ಇರುವ ಬಾಗಿಲು ಯಾವುದು ಅಂತಲೂ ಕೇಳಿ. ಎಲ್ಲ ಬಾಗಿಲಲ್ಲೂ ಲಿಫ್ಟ್ ಇರಲ್ಲ, ಬರೀ ಮೆಟ್ಟಿಲು ಇರುವವು ಜಾಸ್ತಿ. ಸ್ಟೇಷನ್ ಒಳಗೆ ಹಳದಿ ಬೋರ್ಡುಗಳು ಹೊರಬಾಗಿಲಿನ ನಂಬರ್ ತೋರಿಸುತ್ತವೆ. ಅವನ್ನೇ ಹಿಡಿದು ನಡೆಯಿರಿ.

ನರಿತಾದಿಂದ ಕೇಸೇ ಕಂಪನಿಯ ಆಕ್ಸೆಸ್ ಎಕ್ಸ್‌ಪ್ರೆಸ್ ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ನೇರ ಅಸಕುಸಾ. ಎಷ್ಟೋ ಸಲ ಅದರ ಬೋರ್ಡಿನಲ್ಲಿ "ಹನೇಡಾ ಏರ್‌ಪೋರ್ಟ್" ಅಂತ ಇರುತ್ತದೆ. ಇನ್ನೊಂದು ಏರ್‌ಪೋರ್ಟಿಗೆ ಹೋಗುತ್ತಿದ್ದೇನಾ ಅಂತ ಗಾಬರಿ ಬೇಡ. ಹನೇಡಾ ಅದರ ಕೊನೆ, ನಿಮ್ಮ ಸ್ಟೇಷನ್ ನಡುವೆ ಬರುತ್ತದೆ.

ಮರುಪ್ರಶ್ನೆ:
ತುಂಬಾ ಥ್ಯಾಂಕ್ಸ್ ಸರ್. ಹೋಟೆಲಿಗೆ ಈಗಲೇ ಬರೆಯುತ್ತೇನೆ. ಫೋನ್ ಚಾರ್ಜ್ ಹೋದರೆ ಏನು ಮಾಡೋದು? ರಾತ್ರಿ ಊಟಕ್ಕೆ?

ಗೈಡ್ ಉತ್ತರ:
ಹೋಟೆಲಿನ ವಿಳಾಸ ಜಪಾನಿ ಲಿಪಿಯಲ್ಲೇ ಪ್ರಿಂಟ್ ಮಾಡಿಸಿ ಪರ್ಸಿನಲ್ಲಿ ಇಡಿ. ಇಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ. ವಿಳಾಸ ಅಂದರೆ ಏರಿಯಾ, ಬ್ಲಾಕು, ಕಟ್ಟಡದ ನಂಬರು, ಅಷ್ಟೇ. ಮೂಲೆಮೂಲೆಯಲ್ಲಿ ಕೋಬನ್ ಅಂತ ಸಣ್ಣ ಪೊಲೀಸ್ ಚೌಕಿ ಇರುತ್ತದೆ. ಅವರ ಹತ್ತಿರ ಆ ಏರಿಯಾದ ಮ್ಯಾಪ್ ಇರುತ್ತದೆ. ದಾರಿ ಹೇಳುವುದು ಅವರ ದಿನನಿತ್ಯದ ಕೆಲಸ, ಸಂಕೋಚಪಡದೆ ಚೀಟಿ ತೋರಿಸಿ. ಇನ್ನೊಂದು ಗುರುತು ಇದೆ. 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರ ಸುಮಿದಾ ನದಿಯ ಪೂರ್ವಕ್ಕೆ, ಅಸಕುಸಾ ಪಶ್ಚಿಮಕ್ಕೆ. ಅದು ಕಂಡರೆ ಯಾವ ಕಡೆ ತಿರುಗಬೇಕು ಅಂತ ಗೊತ್ತಾಗುತ್ತದೆ.

ಊಟದ ವಿಷಯದಲ್ಲಿ ನಿಜ ಹೇಳುತ್ತೇನೆ, ಇದು ಕಷ್ಟ. ತರಕಾರಿ ಉಡೋನ್ (ದಪ್ಪ ನೂಡಲ್ಸ್), ಮಿಸೋ (ಹುದುಗಿಸಿದ ಸೋಯಾ) ಸೂಪ್ ನೋಡಲು ಸಸ್ಯಾಹಾರ. ಆದರೆ ಅದರ ದಾಶಿ ಅನ್ನೋ ತಿಳಿಸಾರು ಸಾಮಾನ್ಯವಾಗಿ ಒಣಮೀನಿನಿಂದ ಮಾಡಿದ್ದು. "ನಿಕು ತೊ ಸಕನಾ ವಾ ತಾಬೆಮಾಸೆನ್", ಅಂದರೆ ಮಾಂಸ ಮೀನು ತಿನ್ನಲ್ಲ ಅಂದರೂ ಸಾರಿನ ಮೀನು ಅವರ ಲೆಕ್ಕಕ್ಕೆ ಬಾರದೇ ಇರಬಹುದು. ದಾಶಿ ಬಗ್ಗೆ ಬೇರೆಯಾಗಿ ಕೇಳಬೇಕು. ಮೊದಲ ರಾತ್ರಿ ಈ ಪರದಾಟ ಬೇಡ. ಮನೆಯಿಂದ ಚಟ್ನಿಪುಡಿ, ಅವಲಕ್ಕಿ ತನ್ನಿ. ಅಂಗಡಿಯಲ್ಲಿ ಬರೀ ಅನ್ನ, ಬಾಳೆಹಣ್ಣು ಸಿಗುತ್ತದೆ.

ಟೋಕಿಯೋ ಭಾರತಕ್ಕಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ 9 ಆದರೂ ನಿಮಗೆ ಸಂಜೆ ಐದೂವರೆ ಅನ್ನಿಸಬಹುದು, ನಿದ್ದೆ ಹತ್ತಲ್ಲ. ಆಗ ಸೆನ್‌ಸೋ-ಜಿ ದೇವಸ್ಥಾನದ ಕಡೆ ನಡೆದು ಬನ್ನಿ. ಗರ್ಭಗುಡಿ ಇರುವ ಕಟ್ಟಡ ಸಂಜೆ 5ಕ್ಕೇ ಮುಚ್ಚಿದರೂ ಅಂಗಳ ತೆರೆದೇ ಇರುತ್ತದೆ. ನಕಾಮಿಸೆ ಬೀದಿಯ ಅಂಗಡಿಗಳ ಶಟರ್ ಇಳಿದಿರುತ್ತವೆ, ಹಗಲಿನ ನೂಕುನುಗ್ಗಲು ಇರಲ್ಲ. ದೇವಸ್ಥಾನದ ಹೆಬ್ಬಾಗಿಲಾದ ಕಾಮಿನಾರಿಮೊನ್‌ನ ದೊಡ್ಡ ಕೆಂಪು ಲಾಟೀನು ಬೆಳಗುತ್ತಿರುತ್ತದೆ. ಅದರ ಕೆಳಗೆ ನಿಂತು ಮೇಲೆ ನೋಡಿ, ತಳದಲ್ಲಿ ಕೆತ್ತಿದ ಡ್ರ್ಯಾಗನ್ ಕಾಣುತ್ತದೆ. ವಾಪಸ್ ಬರುವಾಗ ಫೋನ್ ತೆಗೆಯದೆ ರೂಮಿಗೆ ನಡೆದು ನೋಡಿ. ತಲುಪಿದ ಮೇಲೆ ಇಲ್ಲೊಂದು ಸಾಲು ಹಾಕಿ ಮೇಡಂ, ನಾನು ಎದ್ದಿರುತ್ತೇನೆ.